ಹತ್ತು ಲಕ್ಷ ಕಿಲೋಮೀಟರಿನ ಆಚೆಗೆ

ಹಳೆಯ ಕಾರೊಂದನ್ನು ಕೊಳ್ಳಹೊರಟವನು, ಅದರ ಬಣ್ಣವನ್ನೂ ಬಾಗಿಲುಗಳನ್ನೂ ಸೀಟುಗಳನ್ನೂ ಪರಾಂಬರಿಸಿ ನೋಡಿದ ತರುವಾಯ, ಎಷ್ಟೋ ವೇಳೆ ಅವುಗಳನ್ನು ನೋಡುವುದಕ್ಕೂ ಮುನ್ನವೇ, ಮಾರುವವನ ಮುಂದಿಡುವ ಪ್ರಶ್ನೆ ಒಂದುಂಟು: “ಎಷ್ಟು ಓಡಿದೆ?” ಐವತ್ತು ಸಾವಿರವೆಂದರೆ ಕೇಳಿದವನ ಮುಖ ಅರಳುತ್ತದೆ, ಒಂದೂವರೆ ಲಕ್ಷವೆಂದರೆ ಬೆಲೆ ಇಳಿಯುತ್ತದೆ, ಮೂರು ಲಕ್ಷವೆಂದರೆ ವ್ಯವಹಾರ ಅಲ್ಲಿಗೇ ಮುಕ್ತಾಯ. ಕೊಳ್ಳುವವರ ಈ ಮನೋಧರ್ಮವನ್ನು ಬಲ್ಲ ಕೆಲವರು ಮೀಟರನ್ನು ಹಿಂದಕ್ಕೆ ತಿರುಗಿಸುವ ವಿದ್ಯೆಯನ್ನೇ ಕರಗತ ಮಾಡಿಕೊಂಡಿದ್ದಾರೆ. ಅದಕ್ಕೆ ಪ್ರತಿವಿದ್ಯೆಯಾಗಿ, ಅನುಭವಸ್ಥನಾದ ಮೆಕ್ಯಾನಿಕ್ಕು ಮೀಟರಿನ ಅಂಕಿಯತ್ತ ಕಣ್ಣನ್ನೂ ಹಾಯಿಸದೆ, ಬಗ್ಗಿ ಬ್ರೇಕ್ ಪೆಡಲಿನ ರಬ್ಬರು ಎಷ್ಟು ಸವೆದಿದೆ, ಸ್ಟಿಯರಿಂಗಿನ ಮೇಲೆ ಅಂಗೈ ಊರುವ ಜಾಗ ಎಷ್ಟು ನುಣುಪಾಗಿದೆ, ಡ್ರೈವರ್ ಸೀಟಿನ ಹೊರ ಅಂಚು ಎಷ್ಟು ಕುಸಿದಿದೆ ಎಂಬುದನ್ನು ನೋಡಿ, ನಲವತ್ತು ಸಾವಿರ ಓಡಿದ ಗಾಡಿಗೆ ಇಷ್ಟು ಸವೆತ ಬರಲಾರದೆಂದು ತಣ್ಣಗೆ ನುಡಿದುಬಿಡುತ್ತಾನೆ.

ಆದರೆ ಆ ಪ್ರಶ್ನೆಯೇ ಅರೆಬರೆಯಾದುದು. ಓಡಿದ ದೂರವು ಯಂತ್ರದ ಆಯುಸ್ಸನ್ನು ಅಳೆಯುವ ಮಾನದಂಡಗಳಲ್ಲಿ ಒಂದು ಮಾತ್ರ, ಅದೂ ಪ್ರಧಾನವಾದುದೇನಲ್ಲ ಎಂಬುದಕ್ಕೆ, ಲೋಕದ ನಾನಾ ಕಡೆಗಳಲ್ಲಿ ಹತ್ತು ಲಕ್ಷ, ಇಪ್ಪತ್ತು ಲಕ್ಷ, ನಲವತ್ತು ಲಕ್ಷ ಕಿಲೋಮೀಟರುಗಳನ್ನು ದಾಟಿಯೂ ಸ್ವಸ್ಥವಾಗಿ ಸಂಚರಿಸಿದ ವಾಹನಗಳು ಸಾಕ್ಷಿಯಾಗಿ ನಿಂತಿವೆ. ಎಷ್ಟು ಓಡಿತೆಂಬುದಕ್ಕಿಂತ ಹೇಗೆ ಓಡಿತೆಂಬುದನ್ನು ವಿಚಾರಿಸಿದವನಿಗೇ ಇವುಗಳ ರಹಸ್ಯ ತಿಳಿದೀತು.

ಇವುಗಳಲ್ಲಿ ಅಗ್ರಗಣ್ಯವಾದದ್ದು ಅಮೆರಿಕದ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದ ಇರ್ವ್ ಗಾರ್ಡನ್ ಎಂಬವರ ಕೆಂಪು ವೋಲ್ವೋ. ಪಿ 1800 ಎಸ್ ಎಂಬ ಹೆಸರಿನ, ನೋಡುವುದಕ್ಕೆ ವಿಲಾಸಿಗಳ ಸವಾರಿಯಂತೆ ತೋರುವ ಈ ಸ್ವೀಡಿಷ್ ಕಾರನ್ನು ಅವರು 1966ರ ಜೂನ್ ತಿಂಗಳ ಕೊನೆಯಲ್ಲಿ ಕೊಂಡರು. ಕೊಂಡ ಎರಡು ಮೂರು ದಿನಗಳಲ್ಲಿಯೇ 1,500 ಮೈಲಿ ಓಡಿಸಿ, ಮೊದಲ ಸರ್ವೀಸಿಗೆಂದು ಅದೇ ಅಂಗಡಿಯ ಬಾಗಿಲಿಗೆ ಮರಳಿ ತಂದು ನಿಲ್ಲಿಸಿದರು. ಶಾಲೆಗೆ ಹೋಗಿ ಬರುವುದೇ ದಿನಕ್ಕೆ 125 ಮೈಲಿ, ಎಂದರೆ ನಮ್ಮ ಲೆಕ್ಕದಲ್ಲಿ ಇನ್ನೂರು ಕಿಲೋಮೀಟರು. ಇದರ ಜೊತೆಗೆ ಕಾರನ್ನೋಡಿಸುವುದೇ ಒಂದು ವ್ಯಸನವಾಗಿ ಬೆಳೆದ ಕಾರಣ ರಜೆಗಳಲ್ಲಿ ದೇಶಾಟನೆಯೂ ಸೇರಿ, 1987ರಲ್ಲಿ ಹತ್ತು ಲಕ್ಷ ಮೈಲಿಗಳು ಪೂರೈಸಿದವು. 1998ರಲ್ಲಿ ಗಿನ್ನೆಸ್ ದಾಖಲೆಯ ಪುಸ್ತಕದವರು ಒಬ್ಬನೇ ಒಡೆಯನ ಕೈಯಲ್ಲಿ ಖಾಸಗಿಯಾಗಿ ಅತ್ಯಂತ ಹೆಚ್ಚು ದೂರ ಸಾಗಿದ ವಾಹನವೆಂದು ಇದನ್ನು ಮನ್ನಿಸಿದರು. 2002ರಲ್ಲಿ ಇಪ್ಪತ್ತು ಲಕ್ಷವೂ, 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕದ ಹೆದ್ದಾರಿಯೊಂದರ ಮೇಲೆ ಮೂವತ್ತು ಲಕ್ಷವೂ ಸಂದವು. 2018ರಲ್ಲಿ ಗಾರ್ಡನ್ ತೀರಿಕೊಳ್ಳುವ ವೇಳೆಗೆ ಕಾರು ಮೂವತ್ತೆರಡು ಲಕ್ಷ ಮೈಲಿಯನ್ನು ದಾಟಿತ್ತು. ಕಿಲೋಮೀಟರಿಗೆ ತಿರುಗಿಸಿದರೆ ಐವತ್ತು ಲಕ್ಷಕ್ಕೂ ಮೇಲೆ. ಚಂದ್ರನಲ್ಲಿಗೆ ಆರು ಸಲ ಹೋಗಿ ಬಂದು, ಇನ್ನೊಮ್ಮೆ ಹೊರಡುವುದಕ್ಕೂ ಸಾಲುವಷ್ಟು ದಾರಿ. ಮಧ್ಯೆ ತಯಾರಕರು ಹೊಸ ಕಾರುಗಳನ್ನು ಕಾಣಿಕೆಯಾಗಿ ಕೊಟ್ಟರಾದರೂ, ಮೇಷ್ಟರು ಹಳೆಯದನ್ನು ಬಿಡಲಿಲ್ಲ.

ಇಷ್ಟು ದೂರದ ನಡುವೆ ಆ ಕಾರಿನ ಎಂಜಿನ್ನನ್ನು ಬಿಚ್ಚಿ ಪುನಾರಚಿಸಿದ್ದು ಕೆಲವೇ ಸಲ. ಮೊದಲನೆಯ ಸಲ 6,80,000 ಮೈಲಿಗಳಾದ ಮೇಲೆ, ಎಂದರೆ ಹತ್ತಿರ ಹತ್ತಿರ ಹನ್ನೊಂದು ಲಕ್ಷ ಕಿಲೋಮೀಟರು ಕಳೆದ ಮೇಲೆ. ಆ ಎಂಜಿನ್ನಿನಲ್ಲಿ ಪವಾಡವೆನ್ನುವಂಥದು ಏನೂ ಇರಲಿಲ್ಲ. ಎರಕದ ಕಬ್ಬಿಣದ ದಪ್ಪ ಬ್ಲಾಕು, ನಾಲ್ಕು ಸಿಲಿಂಡರು, ಕ್ರ್ಯಾಂಕ್‌ಶಾಫ್ಟನ್ನು ಹೊತ್ತು ಹಿಡಿಯುವುದಕ್ಕೆ ಐದು ಬೇರಿಂಗುಗಳು; ತುಂಡಾಗಿ ಅನಾಹುತ ಮಾಡುವ ರಬ್ಬರು ಬೆಲ್ಟಿನ ಬದಲಾಗಿ ಹಲ್ಲಿನ ಚಕ್ರಗಳಿಂದ ನಡೆಯುವ ಕವಾಟಗಳು. ಅದನ್ನು ರಚಿಸಿದವರು ಬೇಕಾದುದಕ್ಕಿಂತ ತುಸು ಹೆಚ್ಚೇ ಲೋಹವನ್ನು ಬಳಸಿದ್ದರು. ಆ ಔದಾರ್ಯದ ಫಲ ಬಳಸಿದವನಿಗೆ ದಕ್ಕಿತು. ಆದರೆ ಇದೇ ಎಂಜಿನ್ನನ್ನು ಹೊತ್ತ ಕಾರುಗಳು ಸಾವಿರಾರು ತಯಾರಾಗಿ, ಅವುಗಳಲ್ಲಿ ಬಹುಪಾಲು ಕೆಲವೇ ಲಕ್ಷ ಮೈಲಿಗಳಲ್ಲಿ ಗುಜರಿಯ ದಾರಿ ಹಿಡಿದವಾದ್ದರಿಂದ, ಹುಟ್ಟುಗುಣವೊಂದನ್ನೇ ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ.

ಎಂಜಿನ್ನಿನ ಒಳಗೆ ನಡೆಯುವ ವ್ಯಾಪಾರವನ್ನು ಅಂಕಿಗಳಲ್ಲಿ ನೋಡಿದರೆ ಈ ಸಾಧನೆಯ ಅಗಾಧತೆ ಮನಸ್ಸಿಗೆ ಹತ್ತುತ್ತದೆ. ಕಾರು ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವಾಗ ಎಂಜಿನ್ನು ನಿಮಿಷಕ್ಕೆ 2,500 ಸುತ್ತು ಸುತ್ತುತ್ತದೆಂದು ಇಟ್ಟುಕೊಳ್ಳೋಣ. ಆಗ ಒಂದೊಂದು ಕಿಲೋಮೀಟರಿಗೆ 1,500 ಸುತ್ತುಗಳು; ಹತ್ತು ಲಕ್ಷ ಕಿಲೋಮೀಟರಿಗೆ ನೂರೈವತ್ತು ಕೋಟಿ. ಆ ವೋಲ್ವೋದ ಪಿಸ್ಟನ್ನು ಒಂದು ಸಲ ಮೇಲಿನಿಂದ ಕೆಳಕ್ಕೆ ಸಾಗುವ ದೂರ ಎಂಬತ್ತು ಮಿಲಿಮೀಟರು, ಸುಮಾರು ನಾಲ್ಕು ಬೆರಳಗಲ. ಅಷ್ಟು ಕಿರಿದಾದ ಕೊಳವೆಯೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತ, ಕಾರು ರಸ್ತೆಯ ಮೇಲೆ ಒಂದು ಕಿಲೋಮೀಟರು ಕ್ರಮಿಸುವಷ್ಟರಲ್ಲಿ ಪಿಸ್ಟನ್ನು ತಾನೂ 240 ಮೀಟರು ನಡೆದಿರುತ್ತದೆ. ಕಾರಿಗೆ ಹತ್ತು ಲಕ್ಷ ತುಂಬುವ ವೇಳೆಗೆ ಪಿಸ್ಟನ್ನು ನಾಲ್ಕು ಬೆರಳಗಲದ ಆ ಓಣಿಯಲ್ಲಿಯೇ ಎರಡು ಲಕ್ಷದ ನಲವತ್ತು ಸಾವಿರ ಕಿಲೋಮೀಟರು ಉಜ್ಜಿಕೊಂಡು ತಿರುಗಿದ ಹಾಗಾಯಿತು.

ಲೋಹಕ್ಕೆ ಲೋಹ ನೇರವಾಗಿ ಉಜ್ಜಿದ್ದೇ ಆಗಿದ್ದರೆ ಈ ಪ್ರಯಾಣ ಊರಾಚೆಯ ಮೊದಲನೆಯ ಮೈಲಿಗಲ್ಲಿನ ಬಳಿಯೇ ಮುಗಿಯುತ್ತಿತ್ತು. ಮುಗಿಯದಿರುವುದಕ್ಕೆ ಕಾರಣ, ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟು ಬೇರಿಂಗಿನ ಮೇಲೆ ಕುಳಿತಿರುವುದೇ ಇಲ್ಲವೆಂಬುದು. ತಿರುಗುವ ರಭಸಕ್ಕೆ ಶಾಫ್ಟು ಎಣ್ಣೆಯನ್ನು ತನ್ನ ಅಡಿಗೆ ಎಳೆದುಕೊಂಡು, ಕೂದಲೆಳೆಯ ಹತ್ತರಲ್ಲೊಂದು ಪಾಲಿಗಿಂತಲೂ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತ ಸುತ್ತುತ್ತಿರುತ್ತದೆ. ಈ ಪೊರೆ ಕಡಿಯದೆ ಇರುವಷ್ಟು ಕಾಲ ಬೇರಿಂಗಿನ ಸವೆತ ಗಣನೆಗೇ ಬಾರದಷ್ಟು ಅಲ್ಪ. ಪೊರೆ ಕಡಿಯುವುದು ಯಾವಾಗ? ನಿಂತಾಗ, ಮತ್ತು ನಿಂತದ್ದು ಮತ್ತೆ ಹೊರಟಾಗ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಎಣ್ಣೆ ಸೋರಿ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಬೆಳಗ್ಗೆ ಕೀಲಿ ತಿರುಗಿಸಿದ ಮೊದಲ ಕೆಲವು ಸೆಕೆಂಡುಗಳು ಲೋಹಕ್ಕೂ ಲೋಹಕ್ಕೂ ಸಾಕ್ಷಾತ್ ಸಂಪರ್ಕ.

ಇದಕ್ಕಿಂತಲೂ ಕುಟಿಲವಾದ ಇನ್ನೊಂದು ಶತ್ರು ನೀರು. ಒಂದು ಲೀಟರು ಪೆಟ್ರೋಲು ಉರಿದರೆ, ಹೆಚ್ಚುಕಡಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಎಂಜಿನ್ನು ಬಿಸಿಯಾಗಿದ್ದಾಗ ಈ ಆವಿ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ತಣ್ಣಗಿದ್ದಾಗ ಅದರ ಒಂದಂಶ ಸಿಲಿಂಡರಿನ ಗೋಡೆಯ ಮೇಲೆ ಹನಿಗಟ್ಟಿ, ಉರಿಯದೆ ಉಳಿದ ಪೆಟ್ರೋಲಿನೊಡನೆ ಎಣ್ಣೆಯೊಳಕ್ಕೆ ಇಳಿದು, ಅಲ್ಲಿ ಆಮ್ಲಗಳನ್ನು ಹುಟ್ಟಿಸಿ, ಲೋಹವನ್ನು ಒಳಗಿಂದೊಳಗೇ ಕೊರೆಯತೊಡಗುತ್ತದೆ. ಬೆಂಗಳೂರಿನಲ್ಲಿ ಮನೆಯಿಂದ ನಾಲ್ಕು ಕಿಲೋಮೀಟರು ದೂರದ ಕಚೇರಿಗೆ ಹೋಗಿ ಬರುವ ಕಾರು ನಾನೂರು ಕಿಲೋಮೀಟರು ಓಡುವಷ್ಟರಲ್ಲಿ ನೂರು ಸಲ ತಣ್ಣಗಿನ ಸ್ಥಿತಿಯಲ್ಲಿ ಹೊರಟು, ಪೂರ್ತಿ ಬಿಸಿಯಾಗುವುದರೊಳಗೆ ನೂರು ಸಲ ನಿಲ್ಲುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಟ್ಯಾಕ್ಸಿ ಅಷ್ಟೇ ದೂರವನ್ನು ಒಂದೇ ತಣ್ಣನೆಯ ಆರಂಭದಲ್ಲಿ, ಒಂದೇ ಹದದ ಬಿಸಿಯಲ್ಲಿ, ಬಹುಮಟ್ಟಿಗೆ ಒಂದೇ ಗೇರಿನಲ್ಲಿ ಮುಗಿಸುತ್ತದೆ. ಇವೆರಡರ ಮೀಟರುಗಳೂ ಒಂದೇ ಅಂಕಿಯನ್ನು ತೋರಿಸಿದರೂ ಎಂಜಿನ್ನುಗಳು ಅನುಭವಿಸಿದ ವಯಸ್ಸು ಒಂದೇ ಅಲ್ಲ. ಸೇದುವ ಬಾವಿಯ ನೀರು ತಿಳಿ ಎನ್ನುವಂತೆ, ಹೆದ್ದಾರಿಯಲ್ಲಿ ನಿತ್ಯವೂ ಬೆವರುವ ಗಾಡಿಯೇ, ಶೆಡ್ಡಿನಲ್ಲಿ ಹೊದಿಕೆ ಹೊದ್ದು ಭಾನುವಾರ ಮಾತ್ರ ಹೊರಬರುವ ಗಾಡಿಗಿಂತ ಆರೋಗ್ಯದಿಂದಿರುತ್ತದೆ. ನಾಲ್ಕು ಲಕ್ಷ ಓಡಿದ್ದರೂ ಸರ್ವೀಸಿನ ಬಿಲ್ಲುಗಳೆಲ್ಲ ಸರಿಯಾಗಿರುವ ಇನೋವಾವೊಂದನ್ನೂ, ಹತ್ತು ವರ್ಷಗಳಲ್ಲಿ ಮೂವತ್ತು ಸಾವಿರ ಮಾತ್ರ ಓಡಿ ಬಹುಕಾಲ ನಿಂತೇ ಇದ್ದ ಕಾರೊಂದನ್ನೂ ಎದುರಿಗಿಟ್ಟು ಆರಿಸಿಕೊಳ್ಳೆಂದರೆ, ನಾನಂತೂ ಮೊದಲನೆಯದನ್ನೇ ಆರಿಸಿಕೊಂಡೇನು.

ಗಾರ್ಡನ್ನರು ತಮ್ಮ ಯಶಸ್ಸಿನ ಗುಟ್ಟನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದುದು, ಕೇಳಿದವರಿಗೆ ನಿರಾಶೆಯಾಗುವಷ್ಟು ಸಾಧಾರಣವಾದ ಮಾತು: ಗಾಡಿಯ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಹೇಳಿದಂತೆ ನಡೆದುಕೊಳ್ಳುವುದು. ಮೂರು ಮೂರೂವರೆ ಸಾವಿರ ಮೈಲಿಗೊಮ್ಮೆ ಎಣ್ಣೆಯನ್ನೂ ಫಿಲ್ಟರನ್ನೂ ತಪ್ಪದೆ ಬದಲಿಸುತ್ತ, ವಿಚಿತ್ರ ಸದ್ದೊಂದು ಕೇಳಿದರೆ ನಾಳೆ ನೋಡೋಣವೆನ್ನದೆ ಅಂದೇ ಬಾನೆಟ್ಟನ್ನು ಎತ್ತುತ್ತ ಅವರು ಅರ್ಧ ಶತಮಾನ ಕಳೆದರು. ಎಣ್ಣೆ ಜಾರಿಸುವ ಕೆಲಸವನ್ನಷ್ಟೇ ಮಾಡುವುದಿಲ್ಲ. ಮಸಿಯನ್ನು ತನ್ನಲ್ಲಿ ಹೊತ್ತುಕೊಳ್ಳುತ್ತದೆ, ಬಿಸಿಯನ್ನು ಸಾಗಿಸುತ್ತದೆ, ಹುಟ್ಟಿದ ಆಮ್ಲವನ್ನು ತನ್ನಲ್ಲಿ ಬೆರೆಸಿದ ಕ್ಷಾರದ್ರವ್ಯಗಳಿಂದ ಶಮನ ಮಾಡುತ್ತದೆ. ಈ ಕ್ಷಾರ ತೀರಿತೆಂದರೆ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಸರಿಯಾಗಿಯೇ ಕಂಡರೂ, ಒಳಗಿರುವುದು ಎಣ್ಣೆಯ ವೇಷದ ವಿಷ. ನಮ್ಮಲ್ಲಿ ಆಯುಧಪೂಜೆಯ ದಿನ ಗಾಡಿಯನ್ನು ತೊಳೆದು, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಚಕ್ರದಡಿಗೆ ನಿಂಬೆಹಣ್ಣಿಟ್ಟು, ಮುಂದೆ ಬೂದುಗುಂಬಳ ಒಡೆಯುವ ಭಕ್ತಿಯಲ್ಲಿ ಕಿಂಚಿತ್ತೂ ಕೊರತೆಯಿಲ್ಲ. ಆ ಭಕ್ತಿಯ ಕಾಲಂಶ ಏರ್ ಫಿಲ್ಟರಿನ ಕಡೆಗೆ ಹರಿದಿದ್ದರೆ ದೇವಿಗೂ ಸಂತೋಷವೇ ಆಗುತ್ತಿತ್ತೆಂದು ನನ್ನ ಭಾವನೆ. ರಸ್ತೆಯ ಧೂಳೆಂದರೆ ಬಹುಪಾಲು ಮರಳಿನ ಪುಡಿ. ಹರಿದ ಫಿಲ್ಟರಿನ ಮೂಲಕ ಒಳನುಗ್ಗಿದ ಒಂದು ಚಿಟಿಕೆಯಷ್ಟು ಧೂಳು ಪಿಸ್ಟನ್ನಿನ ರಿಂಗುಗಳಿಗೂ ಸಿಲಿಂಡರಿಗೂ ಮಾಡುವ ಹಾನಿಯನ್ನು ಎಷ್ಟು ಒಳ್ಳೆಯ ಎಣ್ಣೆಯೂ ಸರಿಪಡಿಸಲಾರದು.

ಆ ಹಾನಿಯನ್ನು ಕಣ್ಣಾರೆ ಕಾಣಬೇಕೆಂದರೆ ಯಾವುದಾದರೂ ಲೇತ್ ಅಂಗಡಿಗೆ ಹೋಗಿ, ಕೆಲಸಕ್ಕೆ ಬಂದ ಲಾರಿ ಎಂಜಿನ್ನಿನ ಹಳೆಯ ಲೈನರನ್ನು, ಎಂದರೆ ಪಿಸ್ಟನ್ನು ಓಡಾಡುವ ಕೊಳವೆಯನ್ನು, ಕೈಗೆತ್ತಿಕೊಳ್ಳಬೇಕು. ಹೊಸ ಲೈನರಿನ ಒಳಮೈಯಲ್ಲಿ, ಬೆಳಕಿಗೆ ಹಿಡಿದರೆ, ಚಾಪೆಯ ಹೆಣಿಗೆಯಂತೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮವಾದ ಗೀರುಗಳು ಕಾಣುತ್ತವೆ. ಎಣ್ಣೆ ನಿಲ್ಲಲೆಂದು ಬೇಕೆಂದೇ ಕೊರೆದವು ಅವು. ಸವೆದ ಲೈನರಿನಲ್ಲಿ ಅವೆಲ್ಲ ಅಳಿಸಿ ಕನ್ನಡಿಯ ಹೊಳಪು ಬಂದಿರುತ್ತದೆ. ಅನಭಿಜ್ಞನು ಆ ಹೊಳಪನ್ನೇ ಗುಣವೆಂದು ಭಾವಿಸಿಯಾನು. ಮೇಲಂಚಿನ ಬಳಿ ಉಗುರಿನಿಂದ ತಡವಿದರೆ ಒಂದು ಕಡೆ ಉಗುರು ಟಕ್ಕನೆ ಸಿಕ್ಕಿಕೊಳ್ಳುತ್ತದೆ. ರಿಂಗು ಮುಟ್ಟದ ಮೇಲಿನ ಭಾಗ ಹಾಗೆಯೇ ಉಳಿದು, ಮುಟ್ಟುವ ಭಾಗ ಸವೆದು ಹಳ್ಳವಾಗಿ, ನಡುವೆ ಮೂಡಿದ ಮೆಟ್ಟಿಲು ಅದು. ಅಂಗಡಿಯವನು ಮೀಟರು ನೋಡುವುದಿಲ್ಲ. ಈ ಮೆಟ್ಟಿಲನ್ನು ಅಳೆದು, ‘ಬೋರ್ ಹೋಗಿದೆ’ ಎಂದೋ, ‘ಇನ್ನೂ ಒಂದಷ್ಟು ದಿನ ಎಳೆಯಬಹುದು’ ಎಂದೋ ತೀರ್ಪು ಕೊಡುತ್ತಾನೆ.

ಲಾರಿ ಬಸ್ಸುಗಳ ದೀರ್ಘಾಯುಸ್ಸಿನ ಮರ್ಮ ಈ ಲೈನರಿನಲ್ಲಿಯೇ ಅಡಗಿದೆ. ಸಾಧಾರಣ ಕಾರಿನಲ್ಲಿ ಸಿಲಿಂಡರನ್ನು ಬ್ಲಾಕಿನಲ್ಲಿಯೇ ಕೊರೆದಿರುತ್ತಾರೆ. ಅದು ಸವೆದರೆ ಬ್ಲಾಕನ್ನೇ ಇಳಿಸಿ ಮತ್ತೆ ಕೊರೆಯಬೇಕು, ಅದೂ ಕೆಲವು ಸಲ ಮಾತ್ರ ಸಾಧ್ಯ. ಭಾರಿ ಡೀಸೆಲ್ ಎಂಜಿನ್ನಿನಲ್ಲಾದರೋ ಲೈನರು ಬೇರೆ, ಬ್ಲಾಕು ಬೇರೆ. ಹಳೆಯದನ್ನು ಕಿತ್ತು, ಹೊಸ ಲೈನರು, ಪಿಸ್ಟನ್ನು, ರಿಂಗು, ಬೇರಿಂಗುಗಳನ್ನು ಕೂಡಿಸಿದರೆ ಎಂಜಿನ್ನಿಗೆ ಪುನರ್ಜನ್ಮ ಬಂದಂತೆ. ಲಾರಿಯಿಂದ ಎಂಜಿನ್ನನ್ನು ಕೆಳಗಿಳಿಸದೆಯೇ ಈ ಕೆಲಸ ಮುಗಿಯುವುದೂ ಉಂಟು. ಅಮೆರಿಕದ ದೂರದ ಹೆದ್ದಾರಿಗಳಲ್ಲಿ ಹಗಲಿರುಳು ಓಡುವ ದೊಡ್ಡ ಟ್ರಕ್ಕುಗಳ ಎಂಜಿನ್ನುಗಳಿಗೆ ಹತ್ತು ಲಕ್ಷ ಮೈಲಿಯೆಂಬುದು ವಿಸ್ಮಯವಲ್ಲ, ರಚಿಸಿದವರೇ ಮುಂದಾಗಿ ಇಟ್ಟುಕೊಂಡ ಗುರಿ. ನಮ್ಮ ರಾಜ್ಯದ ಸಾರಿಗೆ ನಿಗಮದ ಬಸ್ಸುಗಳೂ, ಘಾಟಿಯ ತಿರುವುಗಳನ್ನೂ ಹಳ್ಳಿಯ ಗುಂಡಿಗಳನ್ನೂ ಹಬ್ಬದ ದಿನದ ಜನಭಾರವನ್ನೂ ಸಹಿಸಿಕೊಂಡು, ಹತ್ತು ಲಕ್ಷ ಕಿಲೋಮೀಟರಿನ ಆಸುಪಾಸಿಗೆ ಬರುವುದು ಸಾಮಾನ್ಯ ಸಂಗತಿ. ಹಾಗೆ ಓಡಿ ದಣಿದ ಬಸ್ಸುಗಳ ಹೊರಕವಚವನ್ನು ಬಿಚ್ಚಿ, ತುಕ್ಕು ಹಿಡಿದ ಭಾಗಗಳನ್ನು ಬದಲಿಸಿ, ಹೊಸ ಬಣ್ಣದೊಡನೆ ಮತ್ತೆ ರಸ್ತೆಗಿಳಿಸುವ ಪುನಶ್ಚೇತನದ ಕಾರ್ಯವನ್ನು ಈಚಿನ ವರ್ಷಗಳಲ್ಲಿ ಕೆ.ಎಸ್.ಆರ್.ಟಿ.ಸಿ. ತನ್ನ ಕಾರ್ಯಾಗಾರಗಳಲ್ಲಿಯೇ ಕೈಗೊಂಡಿರುವುದು ಶ್ಲಾಘ್ಯ. ಹೊಸ ಬಸ್ಸಿನ ಉದ್ಘಾಟನೆಗೆ ಸಿಕ್ಕುವ ಪ್ರಚಾರದಲ್ಲಿ ಒಂದು ಪಾಲು ಇಂಥ ಕೆಲಸಕ್ಕೂ ಸಿಕ್ಕಬೇಕಾಗಿತ್ತು.

ಡೀಸೆಲಿನ ಮಾತು ಬಂದಾಗ ಗ್ರೀಸಿನ ಟ್ಯಾಕ್ಸಿಯನ್ನು ಮರೆಯಲಾಗದು. ಥೆಸಲೋನಿಕಿ ನಗರದ ಟ್ಯಾಕ್ಸಿ ಚಾಲಕ ಗ್ರಿಗೋರಿಯೋಸ್ ಸಾಖಿನಿದಿಸ್, 1976ರ ಮಾದರಿಯ ಮರ್ಸಿಡಿಸ್ 240 ಡಿ ಕಾರೊಂದನ್ನು, ಆಗಲೇ 2,20,000 ಕಿಲೋಮೀಟರು ಓಡಿದ್ದುದನ್ನು, 1981ರಲ್ಲಿ ಕೊಂಡು, ಇಪ್ಪತ್ತಮೂರು ವರ್ಷ ಬಾಡಿಗೆಗೆ ಓಡಿಸಿ, 2004ರಲ್ಲಿ ತಯಾರಕರಿಗೇ ಒಪ್ಪಿಸಿದಾಗ ಲೆಕ್ಕ 46 ಲಕ್ಷ ಕಿಲೋಮೀಟರಿಗೆ ಬಂದಿತ್ತು. ಭೂಮಿಯನ್ನು ನೂರಹದಿನಾಲ್ಕು ಸಲ ಸುತ್ತಿ ಬಂದಷ್ಟು. ಸರಾಸರಿ ಹಾಕಿದರೆ ದಿನವೊಂದಕ್ಕೆ ಐನೂರು ಕಿಲೋಮೀಟರಿಗೂ ಮೀರುತ್ತದೆ. ತಣ್ಣಗಾಗುವುದಕ್ಕೆ ಆ ಎಂಜಿನ್ನಿಗೆ ಪುರಸತ್ತೇ ದೊರೆತಿರಲಾರದು. ಆ ಕಾರು ಇಂದು ಸ್ಟುಟ್‌ಗಾರ್ಟಿನ ಮರ್ಸಿಡಿಸ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಎಂಜಿನ್ನಿನ ಬಲ ಅರವತ್ತೈದು ಅಶ್ವಶಕ್ತಿ ಮಾತ್ರ. ಇಂದಿನ ಸಣ್ಣ ಕಾರುಗಳೂ ಅದನ್ನು ಹಿಂದೆ ಹಾಕುತ್ತವೆ. ಆದರೆ ಡೀಸೆಲನ್ನು ಕಿಡಿಯಿಲ್ಲದೆ, ಗಾಳಿಯ ಒತ್ತಡದ ಬಿಸಿಯಿಂದಲೇ ಹೊತ್ತಿಸಬೇಕಾದ ಕಾರಣ ಪ್ರತಿಯೊಂದು ಭಾಗವನ್ನೂ ಪೆಟ್ರೋಲಿನದಕ್ಕಿಂತ ಬಲವಾಗಿ ಮಾಡಬೇಕಾಗುತ್ತದೆ. ಬಲವಾಗಿ ಮಾಡಿದ ಯಂತ್ರವನ್ನು ನಿಧಾನವಾಗಿ ತಿರುಗಿಸಿ, ಅದರಿಂದ ಸ್ವಲ್ಪವೇ ಕೆಲಸವನ್ನು ಅಪೇಕ್ಷಿಸಿದರೆ, ಅದು ಬಹುಕಾಲ ಬಾಳುವುದು ಸಹಜ. ಇದೇ ಸ್ಟುಟ್‌ಗಾರ್ಟಿನ ಡೈಮ್ಲರ್-ಬೆನ್ಜ್ ಸಂಸ್ಥೆಯೊಡನೆ 1954ರಲ್ಲಿ ಕೈಜೋಡಿಸಿದ ಟಾಟಾದವರು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ಮಾಡತೊಡಗಿದರೆಂಬುದೂ, ನಮ್ಮ ಹಿರಿಯ ಡ್ರೈವರುಗಳು ‘ಬೆಂಜ್ ಲಾರಿ’ ಎಂದು ಗೌರವದಿಂದ ನೆನೆಯುವುದು ಆ ಸಂತತಿಯನ್ನೇ ಎಂಬುದೂ ಇಲ್ಲಿ ಸ್ಮರಣೀಯ.

ಗ್ರೀಸಿನ ಟ್ಯಾಕ್ಸಿಯ ಕಥೆಯಲ್ಲಿ ಒಂದು ತೊಡಕುಂಟು. ಆ ಚಾಲಕ ಒಂದಕ್ಕಿಂತ ಹೆಚ್ಚು ಎಂಜಿನ್ನುಗಳನ್ನು ಇಟ್ಟುಕೊಂಡು, ಒಂದು ದುರಸ್ತಿಯಲ್ಲಿರುವಾಗ ಇನ್ನೊಂದನ್ನು ಕೂಡಿಸಿ, ಸರದಿಯ ಮೇಲೆ ಕಾರನ್ನು ನಡೆಸಿದ. ಹಾಗಾದರೆ 46 ಲಕ್ಷ ಕಿಲೋಮೀಟರು ಓಡಿದ್ದು ಯಾವುದು? ಎಂಜಿನ್ನಲ್ಲ, ಟೈರಲ್ಲ, ಬ್ರೇಕಲ್ಲ, ಬುಷ್ಷುಗಳಂತೂ ಅಲ್ಲವೇ ಅಲ್ಲ. ಎರಡು ಸಾವಿರ ವರ್ಷಗಳ ಹಿಂದಿನ ಮಿಲಿಂದಪ್ರಶ್ನವೆಂಬ ಪಾಳಿ ಗ್ರಂಥದಲ್ಲಿ ಭಿಕ್ಷು ನಾಗಸೇನನು ರಾಜನನ್ನು, ನೀನು ಏರಿ ಬಂದ ರಥವೆಂಬುದು ಅಚ್ಚೋ, ಚಕ್ರವೋ, ನೊಗವೋ ಎಂದು ಒಂದೊಂದಾಗಿ ಕೇಳಿ, ಯಾವುದೂ ಅಲ್ಲವೆಂದು ರಾಜನ ಬಾಯಿಂದಲೇ ಹೊರಡಿಸಿ, ಇವೆಲ್ಲ ಕೂಡಿದಾಗ ರಥವೆಂಬ ವ್ಯವಹಾರವಷ್ಟೆ ಎಂಬ ಮಾತಿಗೆ ತಂದು ನಿಲ್ಲಿಸುವ ಪ್ರಸಂಗವಿದೆ. ಆ ರಾಜನೂ ಯವನನೇ, ಗ್ರೀಕ್ ಮೂಲದ ಮಿನಾಂಡರನೆಂಬುದು ಒಂದು ಸ್ವಾರಸ್ಯ. ತತ್ತ್ವಜ್ಞಾನಿ ಏನೇ ಹೇಳಲಿ, ಆರ್.ಟಿ.ಓ. ಕಚೇರಿಯ ನಿಲುವು ಸ್ಪಷ್ಟ: ಚಾಸಿಗೆ ಕೊರೆದ ಸಂಖ್ಯೆ ಯಾವುದೋ ಗಾಡಿ ಅದೇ. ವಾಹನದ ಆತ್ಮವೆಂಬುದು ಇರುವುದಾದರೆ ಅದರ ವಾಸಸ್ಥಾನ ಚಾಸಿಯೇ ಎಂದು ನಂಬುವುದರಲ್ಲಿ ತಪ್ಪೇನಿಲ್ಲ, ಏಕೆಂದರೆ ಉಳಿದುದೆಲ್ಲವನ್ನೂ ಬದಲಿಸಬಹುದು. ಚಾಸಿ ಕೊಳೆತ ಮೇಲೆ ಮಾತ್ರ ಉಪಾಯವಿಲ್ಲ.

ಚಾಸಿಗೂ ಕವಚಕ್ಕೂ ತುಕ್ಕೇ ಯಮ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುವ ದೇಶಗಳಲ್ಲಿ ಎಂಜಿನ್ನು ಗಟ್ಟಿಮುಟ್ಟಾಗಿರುವಾಗಲೇ ನೆಲಹಾಸು ತೂತುಬಿದ್ದು ಕಾರುಗಳು ಸಾಯುತ್ತವೆ. ನಮ್ಮಲ್ಲಿ ಉಡುಪಿ, ಮಂಗಳೂರು, ಕಾರವಾರದ ಕಡಲಗಾಳಿಯೂ ನಾಲ್ಕು ತಿಂಗಳ ಮಳೆಯೂ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಮೀನು ಸಾಗಿಸುವ ಟೆಂಪೋದ ಹಿಂಭಾಗವನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಚಿತ್ರದುರ್ಗ, ಬಳ್ಳಾರಿ ಕಡೆಯ ಗಾಡಿಗಳು ಧೂಳಿನಿಂದ ನರಳಿದರೂ ತಗಡಿನ ಮಟ್ಟಿಗೆ ಅದೃಷ್ಟಶಾಲಿಗಳು.

ಈಗಿನ ಶಾಸನವಾದರೋ ಕಿಲೋಮೀಟರನ್ನೂ ನೋಡುವುದಿಲ್ಲ, ತುಕ್ಕನ್ನೂ ನೋಡುವುದಿಲ್ಲ, ವರ್ಷವನ್ನು ಎಣಿಸುತ್ತದೆ. ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲಿನಿಂದ ನವೀಕರಣಗೊಳ್ಳುವಂತಿಲ್ಲ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲು, ಹದಿನೈದು ವರ್ಷದ ಪೆಟ್ರೋಲು ಗಾಡಿಗಳ ಮೇಲೆ ನ್ಯಾಯಾಲಯದ ನಿರ್ಬಂಧ ಬಂದದ್ದೂ ಸರ್ವವಿದಿತ. ಹಳೆಯ ಎಂಜಿನ್ನಿನ ಹೊಗೆ ಹೊಸದರದ್ದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದೆಂಬುದು ನಿಜವಾದ್ದರಿಂದ, ನಗರದ ಗಾಳಿಯ ದೃಷ್ಟಿಯಿಂದ ಇಂಥ ನಿಯಮವನ್ನು ಸರ್ವಥಾ ಅನ್ಯಾಯವೆನ್ನಲಾಗದು. ಗಾರ್ಡನ್ನರ ವೋಲ್ವೋವನ್ನು ನಾನು ಎಷ್ಟೇ ಮೆಚ್ಚಿದರೂ, ಅಂಥ ಹತ್ತು ಲಕ್ಷ ವೋಲ್ವೋಗಳ ಹಿಂದೆ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಲ್ಲುವ ಬಯಕೆ ನನಗಿಲ್ಲ.

ಶಾಸನಕ್ಕಿಂತಲೂ ಹೆಚ್ಚಾಗಿ ಮುಂದಿನ ಗಾಡಿಗಳ ಆಯುಸ್ಸನ್ನು ನಿರ್ಣಯಿಸುವುದು ಬಿಡಿಭಾಗ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೂ ಅದರ ಬುಷ್ಷೋ ಕಿಂಗ್‌ಪಿನ್ನೋ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು, ಸಿಕ್ಕದಿದ್ದರೆ ಲೇತಿನವನಿಂದ ಕಡೆಸಿಕೊಳ್ಳಬಹುದು. ಇಂದಿನ ಕಾರಿನಲ್ಲಿ ಲೋಹ ಹಿಂದಿಗಿಂತ ಉತ್ತಮವಾಗಿದೆ, ಎಣ್ಣೆ ಉತ್ತಮವಾಗಿದೆ, ಬಿಡಿಭಾಗಗಳ ಅಳತೆಯ ನಿಖರತೆಯೂ ಹೆಚ್ಚಿದೆ. ಬಿಡದಿಯ ಕಾರ್ಖಾನೆಯಿಂದ 2005ರಿಂದೀಚೆಗೆ ಹೊರಬಂದ ಇನೋವಾಗಳಲ್ಲಿ ನಾಲ್ಕೈದು ಲಕ್ಷ ಓಡಿದವು ಯಾವ ಟ್ಯಾಕ್ಸಿ ಸ್ಟ್ಯಾಂಡಿನಲ್ಲಾದರೂ ಕಾಣಸಿಗುತ್ತವೆ. ಆದರೆ ಅದೇ ಕಾರುಗಳಲ್ಲಿ ಎಂಜಿನ್ನಿನ ಕ್ಷಣಕ್ಷಣದ ನಡತೆಯನ್ನೂ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಬಂದಿವೆ. ಇಪ್ಪತ್ತು ವರ್ಷದ ಮೇಲೆ ಆ ಪೆಟ್ಟಿಗೆ ಕೆಟ್ಟು, ತಯಾರಕರು ಅದನ್ನು ಮಾಡುವುದನ್ನೇ ನಿಲ್ಲಿಸಿದ್ದರೆ, ಗಟ್ಟಿಯಾದ ಎಂಜಿನ್ನು ನಿರುಪಯುಕ್ತವಾಗಿ ಕುಳಿತುಬಿಡುತ್ತದೆ. ವಿದ್ಯುತ್ ಕಾರುಗಳಲ್ಲಂತೂ ಪಿಸ್ಟನ್ನೂ ಇಲ್ಲ, ಲೈನರೂ ಇಲ್ಲ. ಜರ್ಮನಿಯ ಟೆಸ್ಲಾ ಕಾರೊಂದು ಬ್ಯಾಟರಿಯನ್ನೂ ಮೋಟಾರುಗಳನ್ನೂ ಬದಲಿಸಿಕೊಂಡು 2019ರಲ್ಲಿಯೇ ಹತ್ತು ಲಕ್ಷ ಕಿಲೋಮೀಟರನ್ನು ದಾಟಿತು. ಅಲ್ಲಿ ಉಜ್ಜಿ ಸವೆಯುವ ಲೋಹದ ಜಾಗದಲ್ಲಿ ರಸಾಯನದ ಕ್ಷಯ ಬಂದು ಕುಳಿತಿದೆ. ಬ್ಯಾಟರಿ ಓಡಿದರೂ ಕುಗ್ಗುತ್ತದೆ, ಓಡದೆ ಬಿಸಿಲಿನಲ್ಲಿ ನಿಂತರೂ ಕುಗ್ಗುತ್ತದೆ. ಅದರ ಪೆಟ್ಟಿಗೆಯನ್ನು ಬಿಚ್ಚಿ, ಸೋತ ಕೋಶವೊಂದನ್ನು ಮಾತ್ರ ತೆಗೆದು ಬೇರೆಯದನ್ನು ಕೂಡಿಸುವ ವಿದ್ಯೆಯನ್ನು ನಮ್ಮ ಬೀದಿಯ ಮೆಕ್ಯಾನಿಕ್ಕುಗಳು ಈಗಾಗಲೇ ವಿದ್ಯುತ್ ಆಟೋಗಳ ಮೇಲೆ ಅಭ್ಯಾಸ ಮಾಡತೊಡಗಿದ್ದಾರೆ. ಕಾರಿನ ತಯಾರಕರು ಆ ಪೆಟ್ಟಿಗೆಗೆ ಬೀಗ ಹಾಕದೆ ಬಿಟ್ಟಾರೆಯೆ ಎಂಬುದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳುವುದು ಲೇಸು.